ಪೆಟ್ಟಿಗೆಯೊಳಗಿನ ಎರಡು ಗಡಿಗಳು: ಗೇಮ್ ಕನ್ಸೋಲ್‌ಗಳ ಪವರ್ ಸಪ್ಲೈ ಮತ್ತು ಡಿಸ್ಕ್ ಡ್ರೈವ್ ತಿದ್ದಿದ ಕಸುಬಿನ ಇತಿಹಾಸ

ಟಿ.ವಿ.ಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ನಲ್ಲಿ ಬೇಗ ಹಾಳಾಗುವ ಭಾಗಗಳು ಎರಡು: ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತನ್ನು ಒಳಗಿನ ಚಿಪ್‌ಗಳು ತಾಳಿಕೊಳ್ಳುವ ಮಟ್ಟಕ್ಕೆ ಇಳಿಸಿಕೊಡುವ ಪವರ್ ಸಪ್ಲೈ ಮತ್ತು ತಿರುಗುವ ಡಿಸ್ಕಿನಿಂದ ಆಟವನ್ನು ಓದಿಕೊಡುವ ಡ್ರೈವ್. ಯಂತ್ರ ಯಾವ ದೇಶಕ್ಕೆಂದು ತಯಾರಾದದ್ದು ಎಂಬ ಗುರುತು ಉಳಿದಿರುವುದೂ ಇವೆರಡರಲ್ಲಿಯೇ. ಜಪಾನಿನ ಮನೆಗಳಿಗೆ 100 ವೋಲ್ಟ್, ಅಮೆರಿಕದಲ್ಲಿ 120, ಯುರೋಪ್ ಮತ್ತು ಭಾರತದಲ್ಲಿ 230 ವೋಲ್ಟ್ ವಿದ್ಯುತ್ ಬರುವುದರಿಂದ ಒಂದು ದೇಶದ ಯಂತ್ರವನ್ನು ಇನ್ನೊಂದು ದೇಶದ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವಂತಿರಲಿಲ್ಲ. ಒಂದು ಪ್ರದೇಶದಲ್ಲಿ ಮಾರಿದ ಡಿಸ್ಕು ಮತ್ತೊಂದು ಪ್ರದೇಶದ ಯಂತ್ರದಲ್ಲಿ ತೆರೆದುಕೊಳ್ಳದಂತೆ ತಯಾರಕರು ಹಾಕಿದ ಬೀಗ, ಅಂದರೆ ಪ್ರದೇಶ ನಿರ್ಬಂಧ, ಡ್ರೈವ್ ಓದುವ ಗುರುತಿನ ಮೇಲೆ ನಿಂತಿತ್ತು. ಮೊದಲನೆಯ ಗಡಿ ಆಯಾ ದೇಶದ ವಿದ್ಯುತ್ ಜಾಲ ಬೆಳೆದು ಬಂದ ರೀತಿಯಿಂದ ತಾನಾಗಿ ಉಂಟಾದದ್ದು, ಎರಡನೆಯದು ಬೆಲೆಯೂ ಬಿಡುಗಡೆಯ ದಿನವೂ ತಮ್ಮ ಹಿಡಿತದಲ್ಲಿರಲೆಂದು ಕಂಪನಿಗಳು ತಿಳಿದೇ ಎಳೆದದ್ದು. ಡ್ರೈವ್ ತಿದ್ದಿದವರ ಕಥೆಯನ್ನು ಕಳ್ಳ ನಕಲಿನ ಚರಿತ್ರೆಯೆಂದೂ ಪವರ್ ಸಪ್ಲೈ ತಿದ್ದಿದವರದ್ದನ್ನು ಬರಿಯ ರಿಪೇರಿಯ ಮಾತೆಂದೂ ಬೇರೆಬೇರೆಯಾಗಿ ಹೇಳುವುದು ರೂಢಿ. ಆದರೆ ಯಂತ್ರದ ಮುಚ್ಚಳ ತೆಗೆದು ನೋಡಿದರೆ ಇವೆರಡೂ ಒಂದರ ಬಿಸಿಯನ್ನು ಇನ್ನೊಂದು ತಾಳುತ್ತ, ಒಂದರ ಭಾರವನ್ನು ಇನ್ನೊಂದು ಹೊರುತ್ತ ಒಟ್ಟಿಗೇ ಬಾಳಿದವು ಎಂಬುದು ಸ್ಪಷ್ಟವಾಗುತ್ತದೆ.

ಈ ಕಸುಬಿನ ಆರಂಭದ ಉದಾಹರಣೆಯೊಂದು ನಿಂಟೆಂಡೊ ಕಂಪನಿ 1986ರ ಫೆಬ್ರವರಿ 21ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಮ್. ಮೊದಲೇ ಮಾರಾಟದಲ್ಲಿದ್ದ ಫ್ಯಾಮಿಕಾಮ್ ಕನ್ಸೋಲ್‌ಗೆ ಜೋಡಿಸುವ ಈ ಡ್ರೈವ್ 15,000 ಯೆನ್‌ಗೆ ಸಿಗುತ್ತಿತ್ತು, ಅಡಾಪ್ಟರ್ ಇಲ್ಲದಿದ್ದರೆ ಆರು ಬ್ಯಾಟರಿ ಸೆಲ್‌ಗಳಿಂದಲೂ ನಡೆಯುತ್ತಿತ್ತು, ಮತ್ತು ಅದರ ಕಾಂತೀಯ ಡಿಸ್ಕಿನ ಮೇಲೆ ಅಂಗಡಿಯಲ್ಲಿಟ್ಟ ಯಂತ್ರದ ಮೂಲಕ 500 ಯೆನ್ ಕೊಟ್ಟು ಹಳೆಯ ಆಟ ಅಳಿಸಿ ಹೊಸದನ್ನು ಬರೆಸಿಕೊಳ್ಳಬಹುದಿತ್ತು. ಮನೆಯಲ್ಲಿಯೇ ಬರೆಯಬಲ್ಲ ಡಿಸ್ಕನ್ನು ಜನರ ಕೈಗೆ ಕೊಟ್ಟ ಮೇಲೆ ನಕಲನ್ನು ತಡೆಯುವುದು ಕಷ್ಟವೆಂಬ ಅರಿವು ಕಂಪನಿಗೆ ಇಲ್ಲದಿರಲಿಲ್ಲ. ಡಿಸ್ಕಿನ ಅಂಚಿನಲ್ಲಿ ಅಚ್ಚೊತ್ತಿದ ಕಂಪನಿಯ ಹೆಸರು ಅಲಂಕಾರಕ್ಕಾಗಿ ಇದ್ದದ್ದಲ್ಲ. ಆ ಅಕ್ಷರಗಳ ತಗ್ಗುಗಳು ಡ್ರೈವಿನೊಳಗಿನ ಅಚ್ಚಿಗೆ ಸರಿಯಾಗಿ ಹೊಂದಿದರೆ ಮಾತ್ರ ಡಿಸ್ಕು ಒಳಗೆ ಕೂರುತ್ತಿತ್ತು, ಹೀಗಾಗಿ ಅನಧಿಕೃತ ಡಿಸ್ಕು ಮಾಡಿದವರು ಹೆಸರಿನ ಒಂದೆರಡು ಅಕ್ಷರ ಬದಲಿಸಿ ತಗ್ಗುಗಳನ್ನು ಮಾತ್ರ ಉಳಿಸಿಕೊಂಡರು. ನಂತರದ ಡ್ರೈವುಗಳಲ್ಲಿ ಇಡೀ ಡಿಸ್ಕನ್ನು ಒಮ್ಮೆಗೇ ನಕಲಿಸುವುದನ್ನು ತಡೆಯುವ ಚಿಪ್ ಬಂತು. ವಿದ್ಯುತ್ ಪಡೆಯುವ ಬೋರ್ಡಿನ ಮೇಲೆಯೇ ಆ ಚಿಪ್ ಕುಳಿತಿದ್ದುದರಿಂದ, ಬರೆಯುವ ಶಕ್ತಿಯನ್ನು ಮರಳಿ ಪಡೆಯಬಯಸಿದ ಹವ್ಯಾಸಿಗಳು ಬೆಸುಗೆ ಹಾಕಬೇಕಾದದ್ದು ಆ ಬೋರ್ಡಿಗೇ. ಕಾಲ ಕಳೆದಂತೆ ಈ ಡ್ರೈವನ್ನು ಸೋಲಿಸಿದ್ದು ನಕಲುಗಾರರಿಗಿಂತ ಹೆಚ್ಚಾಗಿ ಅದರ ರಬ್ಬರ್ ಬೆಲ್ಟು: ವರ್ಷಗಳು ಉರುಳಿದಂತೆ ಅದು ಕರಗಿ ಅಂಟಾಗುತ್ತಿತ್ತು, ಇಲ್ಲವೇ ತುಂಡಾಗುತ್ತಿತ್ತು.

ವೋಲ್ಟೇಜಿನ ಗಡಿ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ತುಸು ವಿವರವಾಗಿ ನೋಡುವುದು ಅಗತ್ಯ. 1990ರ ದಶಕದ ಡಿಸ್ಕ್ ಕನ್ಸೋಲ್‌ಗಳಲ್ಲಿ ಇದ್ದದ್ದು ಸ್ವಿಚಿಂಗ್ ಮಾದರಿಯ ಪವರ್ ಸಪ್ಲೈ. ಇದು ಪರ್ಯಾಯ ವಿದ್ಯುತ್ತನ್ನು ಮೊದಲು ನೇರ ವಿದ್ಯುತ್ತಾಗಿ ಮಾರ್ಪಡಿಸಿ ದೊಡ್ಡದೊಂದು ಕೆಪಾಸಿಟರಿನಲ್ಲಿ ತುಂಬಿಟ್ಟು, ಅಲ್ಲಿಂದ ಸೆಕೆಂಡಿಗೆ ಸಾವಿರಾರು ಬಾರಿ ತುಂಡರಿಸಿ ಸಣ್ಣ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ, ಬೇಕಾದ ಕಡಿಮೆ ವೋಲ್ಟೇಜನ್ನು ಹೊರಗೆ ಕೊಡುತ್ತದೆ. ಪರ್ಯಾಯ ವಿದ್ಯುತ್ತಿನ ಅಲೆಯ ತುದಿ ಅದರ ಹೆಸರಿನ ವೋಲ್ಟೇಜಿಗಿಂತ ಸುಮಾರು 1.41 ಪಟ್ಟು ಎತ್ತರದಲ್ಲಿರುವುದರಿಂದ 100 ವೋಲ್ಟಿನ ಪೂರೈಕೆಯಲ್ಲಿ ಆ ಕೆಪಾಸಿಟರ್ ಹೊರಬೇಕಾದದ್ದು ಸುಮಾರು 141 ವೋಲ್ಟ್, 230ರಲ್ಲಾದರೆ 325. ಜಪಾನಿನ ಮಾರುಕಟ್ಟೆಗೆಂದು 200 ವೋಲ್ಟ್ ತಾಳುವ ಕೆಪಾಸಿಟರ್ ಹಾಕಿದ ಯಂತ್ರವನ್ನು ಬೆಂಗಳೂರಿನಲ್ಲಿ ಗೋಡೆಗೆ ಸಿಕ್ಕಿಸಿದರೆ ಅದು ಸಿಡಿಯುವುದು, ಕನಿಷ್ಠಪಕ್ಷ ಫ್ಯೂಸ್ ಹಾರುವುದು ಖಚಿತ. ಇದನ್ನು ತಪ್ಪಿಸಲು ಎರಡು ದಾರಿಗಳಿದ್ದವು: ಯಂತ್ರದ ಹೊರಗೆ ಭಾರವಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡುವುದು, ಇಲ್ಲವೇ ಒಳಗಿನ ಪವರ್ ಸಪ್ಲೈ ಬೋರ್ಡನ್ನೇ ತೆಗೆದು ಯುರೋಪಿನ ಮಾದರಿಯ ಬೋರ್ಡನ್ನು ಕೂರಿಸುವುದು. ಬೋರ್ಡ್ ಬದಲಿಸುವವರಿಗೆ ತಿಳಿದಿರಬೇಕಾದ ಮೊದಲ ಪಾಠವೆಂದರೆ ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ ಎಂಬುದು.

ಎರಡೂ ಗಡಿಗಳು ಒಂದೇ ಯಂತ್ರದಲ್ಲಿ ಸ್ಫುಟವಾಗಿ ಕಾಣುವುದು ಸೋನಿಯ ಮೊದಲ ಪ್ಲೇಸ್ಟೇಷನ್‌ನಲ್ಲಿ. 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ, ಮರುವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಬಿಡುಗಡೆಯಾದ ಈ ಕನ್ಸೋಲ್‌ನ ಆಟಗಳು ಸಾಮಾನ್ಯ ಸಿ.ಡಿ.ಗಳ ಮೇಲೆಯೇ ಬರುತ್ತಿದ್ದವು. ಸಿ.ಡಿ. ಬರೆಯುವ ಯಂತ್ರಗಳು ಅಗ್ಗವಾಗತೊಡಗಿದ್ದ ಆ ಕಾಲದಲ್ಲಿ ಅಸಲಿ ಡಿಸ್ಕನ್ನು ಗುರುತಿಸಲು ಸೋನಿ ಹೂಡಿದ ಉಪಾಯ ಜಾಣತನದ್ದು. ಡಿಸ್ಕಿನ ಒಳ ಅಂಚಿನಲ್ಲಿ ದತ್ತಾಂಶದ ಸುರುಳಿದಾರಿಯನ್ನು ಸಣ್ಣಗೆ ಓಲಾಡುವಂತೆ ಅಚ್ಚು ಹಾಕಿ, ಆ ಓಲಾಟದಲ್ಲಿಯೇ ಜಪಾನಿಗೆ ಎಸ್‌ಸಿಇಐ, ಅಮೆರಿಕಕ್ಕೆ ಎಸ್‌ಸಿಇಎ, ಯುರೋಪಿಗೆ ಎಸ್‌ಸಿಇಇ ಎಂಬ ನಾಲ್ಕಕ್ಷರದ ಗುರುತನ್ನು ಅಡಗಿಸಲಾಗಿತ್ತು. ಸಿ.ಡಿ. ಬರೆಯುವ ಯಂತ್ರ ದತ್ತಾಂಶವನ್ನು ನಕಲಿಸಬಲ್ಲುದೇ ಹೊರತು ಖಾಲಿ ಡಿಸ್ಕಿನಲ್ಲಿ ಮೊದಲೇ ಕೊರೆದಿರುವ ದಾರಿಯ ಆಕಾರವನ್ನು ಬದಲಿಸಲಾರದು. ಹೀಗೆ ನಕಲಿನ ತಡೆಯೂ ಪ್ರದೇಶದ ಬೀಗವೂ ಒಂದೇ ಗುರುತಿನಲ್ಲಿ ಬೆಸೆದುಕೊಂಡವು. ಮುಂದಿನ ಎಲ್ಲ ಕಾನೂನು ಗೊಂದಲದ ಬೇರು ಇಲ್ಲಿದೆ, ಏಕೆಂದರೆ ಹಣ ಕೊಟ್ಟು ಜಪಾನಿನ ಅಸಲಿ ಆಟ ಕೊಂಡವನೂ ನಕಲು ಸಿ.ಡಿ. ಹಾಕಿದವನೂ ಒಡೆಯಬೇಕಾದದ್ದು ಅದೇ ಬಾಗಿಲನ್ನು.

ಅದನ್ನು ಒಡೆದದ್ದು ಮಾಡ್‌ಚಿಪ್, ಅಂದರೆ ಯಂತ್ರದ ಮೂಲ ವಿನ್ಯಾಸದಲ್ಲಿಲ್ಲದ, ಹೊರಗಿನಿಂದ ಬೆಸೆದು ಸೇರಿಸುವ ಚಿಪ್. ಇದಕ್ಕೆ ಹೆಚ್ಚಾಗಿ ಬಳಕೆಯಾದದ್ದು ಎಂಟು ಕಾಲಿನ ಪಿಐಸಿ 12ಸಿ508 ಎಂಬ ಅಗ್ಗದ ಮೈಕ್ರೊಕಂಟ್ರೋಲರ್. ನಾಲ್ಕಾರು ತಂತಿಗಳಿಂದ ಬೋರ್ಡಿಗೆ ಬೆಸೆದ ಈ ಚಿಪ್, ಡಿಸ್ಕು ಹೇಳಬೇಕಾದ ನಾಲ್ಕಕ್ಷರವನ್ನು ಡಿಸ್ಕಿನ ಪರವಾಗಿ ತಾನೇ ಹೇಳಿಬಿಡುತ್ತಿತ್ತು. ಆಟ ನಡೆಯುವಾಗಲೂ ಚಿಪ್ ಗುರುತನ್ನು ಕಳಿಸುತ್ತಲೇ ಇರುವುದನ್ನು ಪತ್ತೆಹಚ್ಚುವ ಸೂಚನೆಗಳು ಹೊಸ ಆಟಗಳಲ್ಲಿ ಸೇರಿದಾಗ, ಒಮ್ಮೆ ಹೇಳಿ ಸುಮ್ಮನಾಗುವ ಚಿಪ್‌ಗಳು ಬಂದವು. ಬೆಸುಗೆಯಲ್ಲಿ ಪಳಗಿದವನಿಗೆ ಇದು ಅಲ್ಪಹೊತ್ತಿನ ಕೆಲಸವಾದ್ದರಿಂದ ಚಿಪ್ ಹಾಕಿಕೊಡುವುದು ಹಲವು ದೇಶಗಳ ಎಲೆಕ್ಟ್ರಾನಿಕ್ ಪೇಟೆಗಳಲ್ಲಿ ಒಂದು ಉಪಕಸುಬೇ ಆಯಿತು.

ಪ್ಲೇಸ್ಟೇಷನ್ ಚಿಪ್ಪಿನ ಬಗ್ಗೆ ಬರೆದವರು ಬಹಳ, ಅದರ ಬಿಸಿಯ ಬಗ್ಗೆ ಬರೆದವರು ಕಡಿಮೆ; ವಾಸ್ತವದಲ್ಲಿ ಬಳಕೆದಾರರನ್ನು ಹೆಚ್ಚು ಕಾಡಿದ್ದು ಬಿಸಿಯೇ. ಆರಂಭದ ಮಾದರಿಗಳಲ್ಲಿ ಲೇಸರ್ ಲೆನ್ಸಿನ ಘಟಕವನ್ನು ಪವರ್ ಸಪ್ಲೈಗೆ ತೀರ ಹತ್ತಿರದಲ್ಲಿ ಇಡಲಾಗಿತ್ತು, ಮತ್ತು ಲೆನ್ಸು ಹಿಂದೆಮುಂದೆ ಸರಿಯುವ ಭಾಗ ಪ್ಲಾಸ್ಟಿಕ್ಕಿನದಾಗಿತ್ತು. ಪವರ್ ಸಪ್ಲೈನ ಶಾಖಕ್ಕೆ ಮೆತ್ತಗಾದ ಪ್ಲಾಸ್ಟಿಕ್ ತಿಕ್ಕಾಟಕ್ಕೆ ಸವೆದು, ಲೆನ್ಸು ವಾಲಿ, ಆಟದ ನಡುವಿನ ಚಿತ್ರಗಳು ತಡವರಿಸತೊಡಗುತ್ತಿದ್ದವು. ಆಗ ಬಳಕೆದಾರರು ಯಂತ್ರವನ್ನು ಪಕ್ಕಕ್ಕೆ ನಿಲ್ಲಿಸಿ, ಕೊನೆಗೆ ಪೂರ್ತಿ ಮಗುಚಿಟ್ಟು ಆಡಿದ್ದು ಈ ಕನ್ಸೋಲ್‌ನ ಜನಪದವೇ ಆಗಿಹೋಗಿದೆ. ಸೋನಿ ಮುಂದಿನ ಮಾದರಿಗಳಲ್ಲಿ ಆ ಭಾಗವನ್ನು ಲೋಹದಿಂದ ಮಾಡಿ, ಲೆನ್ಸನ್ನು ಪವರ್ ಸಪ್ಲೈನಿಂದ ದೂರ ಸರಿಸಿತು. ಚಿಪ್ ಹಾಕುವವರು ಈ ತೊಂದರೆಗೆ ತಮ್ಮ ಪಾಲನ್ನೂ ಸೇರಿಸಿದರೆಂಬುದನ್ನು ಹೇಳಲೇಬೇಕು: ಬರೆದ ಸಿ.ಡಿ. ಅಚ್ಚಿನ ಸಿ.ಡಿ.ಗಿಂತ ಕಡಿಮೆ ಬೆಳಕನ್ನು ಮರಳಿಸುವುದರಿಂದ, ಅದನ್ನು ಓದಿಸಲು ಲೆನ್ಸ್ ಘಟಕದ ಪುಟ್ಟ ತಿರುಪನ್ನು ತಿರುಗಿಸಿ ಲೇಸರಿಗೆ ಹೆಚ್ಚು ವಿದ್ಯುತ್ ಹರಿಸುವ ಪದ್ಧತಿ ಹಬ್ಬಿತು. ಆ ಕ್ಷಣಕ್ಕೆ ಆಟ ನಡೆಯುತ್ತಿತ್ತು, ಲೇಸರಿನ ಆಯುಸ್ಸು ಮಾತ್ರ ಕುಗ್ಗುತ್ತಿತ್ತು.

2000ದ ಜುಲೈನಲ್ಲಿ ಬಂದ ಪಿಎಸ್ ಒನ್ ಎಂಬ ಚಿಕ್ಕ ಮಾದರಿಯಲ್ಲಿ ಸೋನಿ ಪವರ್ ಸಪ್ಲೈಯನ್ನು ಪೆಟ್ಟಿಗೆಯಿಂದ ಹೊರಗಿಟ್ಟು, 7.5 ವೋಲ್ಟಿನ ಅಡಾಪ್ಟರ್ ಕೊಟ್ಟಿತು. ಅಡಾಪ್ಟರ್ ಬದಲಿಸಿದರೆ ಯಂತ್ರ ಯಾವ ದೇಶದಲ್ಲಾದರೂ ಹೊತ್ತಿಕೊಳ್ಳುವಂತಾದದ್ದರಿಂದ ವೋಲ್ಟೇಜಿನ ಗಡಿಯನ್ನು ಕಂಪನಿಯೇ ಅಳಿಸಿದಂತಾಯಿತು; ಡಿಸ್ಕಿನ ಗಡಿ ಮಾತ್ರ ಇದ್ದಲ್ಲಿಯೇ ಇತ್ತು. ಸೆಗಾ ಕಂಪನಿಯ ಸ್ಯಾಟರ್ನ್ ಕನ್ಸೋಲ್‌ನಲ್ಲಿ ಡ್ರೈವಿಗೂ ಬೋರ್ಡಿಗೂ ನಡುವಿನ ಪಟ್ಟಿ ಕೇಬಲ್ಲಿಗೆ ಚಿಪ್ ಸೇರಿಸಿ, ಅದಕ್ಕೆ ಬೇಕಾದ 5 ವೋಲ್ಟನ್ನು ಪವರ್ ಸಪ್ಲೈನಿಂದ ಪ್ರತ್ಯೇಕ ತಂತಿಯಲ್ಲಿ ಎಳೆದುಕೊಳ್ಳುವ ಪದ್ಧತಿಯಿತ್ತು. ಭಾರತಕ್ಕೆ ಈ ಯಂತ್ರಗಳಲ್ಲಿ ಬಹಳಷ್ಟು ಬಂದದ್ದು ಕೊಲ್ಲಿ ದೇಶಗಳಿಂದ, ಸಿಂಗಪುರದಿಂದ, ಅಮೆರಿಕದಿಂದ ಮರಳಿದವರ ಸಾಮಾನಿನ ಜೊತೆಗೆ. ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟಿನಂಥ ಎಲೆಕ್ಟ್ರಾನಿಕ್ ಪೇಟೆಗಳು ಟ್ರಾನ್ಸ್‌ಫಾರ್ಮರು, ಬೆಸುಗೆ, ಬಿಡಿಭಾಗ ಮೂರಕ್ಕೂ ಆಸರೆಯಾದದ್ದು ಸಹಜ. ರೇಡಿಯೊ, ಟೇಪ್ ರೆಕಾರ್ಡರ್ ಕಾಲದಿಂದಲೂ ಹೊರದೇಶದ ಯಂತ್ರವನ್ನು ಊರಿನ ವಿದ್ಯುತ್ತಿಗೆ ಹೊಂದಿಸುವ ವಿದ್ಯೆ ಇಂಥ ಬೀದಿಗಳಲ್ಲಿ ಇದ್ದೇ ಇತ್ತು.

ನ್ಯಾಯಾಲಯಗಳು ಒಮ್ಮತಕ್ಕೆ ಬರಲಿಲ್ಲ. ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆ ತಾಂತ್ರಿಕ ಬೀಗ ಒಡೆಯುವುದನ್ನೇ ನಿಷೇಧಿಸಿತು. ಆಸ್ಟ್ರೇಲಿಯದ ಉಚ್ಚತಮ ನ್ಯಾಯಾಲಯವಾದರೋ 2005ರಲ್ಲಿ ಸ್ಟೀವನ್ಸ್ ಮತ್ತು ಸೋನಿ ನಡುವಣ ಮೊಕದ್ದಮೆಯಲ್ಲಿ, ಪ್ಲೇಸ್ಟೇಷನ್ನಿನ ಬೀಗ ನಕಲು ಮಾಡುವುದನ್ನು ತಡೆಯುವುದಿಲ್ಲ, ನಕಲನ್ನು ಆಡುವುದನ್ನು ಮಾತ್ರ ತಡೆಯುತ್ತದೆ, ಆದ್ದರಿಂದ ಅಂದಿನ ಕಾನೂನಿನ ಅರ್ಥದಲ್ಲಿ ಅದು ಕೃತಿಸ್ವಾಮ್ಯದ ರಕ್ಷಣೋಪಾಯವೇ ಅಲ್ಲ ಎಂದಿತು. ಭಾರತದಲ್ಲಿ 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದವರಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಉದ್ದೇಶವನ್ನು ನೋಡುವ ಈ ನಿಲುವು ಅಮೆರಿಕದ್ದಕ್ಕಿಂತ ವಿವೇಕದ್ದು.

1998ರ ನವೆಂಬರ್ 27ರಂದು ಜಪಾನಿನಲ್ಲಿ ಬಿಡುಗಡೆಯಾದ ಸೆಗಾ ಡ್ರೀಮ್‌ಕಾಸ್ಟ್ ಈ ಕಸುಬಿನ ದಿಕ್ಕು ಬದಲಾದುದನ್ನು ತೋರಿಸುವ ಯಂತ್ರ. ಅದರ ಆಟಗಳು ಜಿಡಿ-ರಾಮ್ ಎಂಬ, ಸುಮಾರು 1 ಗಿಗಾಬೈಟ್ ಹಿಡಿಸುವ ವಿಶೇಷ ಡಿಸ್ಕಿನ ಮೇಲೆ ಬರುತ್ತಿದ್ದವು, ಸಾಮಾನ್ಯ ಸಿ.ಡಿ. ಡ್ರೈವ್ ಅದನ್ನು ಓದಲಾರದೆಂಬುದೇ ರಕ್ಷಣೆಯೆಂದು ನಂಬಲಾಗಿತ್ತು. ಆದರೆ ಹಾಡಿನ ಸಿ.ಡಿ.ಗಳಿಗೆ ಚಿತ್ರ ಸೇರಿಸಲೆಂದು ಸೆಗಾ ತಾನೇ ತೆರೆದಿಟ್ಟಿದ್ದ ಎಂಐಎಲ್-ಸಿಡಿ ಎಂಬ ದಾರಿಯಿಂದ 2000ದಲ್ಲಿ ನಕಲುಗಳು ಒಳನುಗ್ಗಿದವು, ಅದೂ ಯಾವ ಚಿಪ್ಪಿನ ಹಂಗಿಲ್ಲದೆ. 2001ರ ಜನವರಿ ಕೊನೆಯಲ್ಲಿ ಸೆಗಾ ಈ ಕನ್ಸೋಲ್‌ನ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಹೊಸ ಡ್ರೈವುಗಳ ತಯಾರಿಕೆ ನಿಂತು ಹಳೆಯ ಲೇಸರುಗಳು ಮಂಕಾಗತೊಡಗಿದ ಮೇಲೆ, ಡ್ರೈವನ್ನೇ ಕಿತ್ತು ಅದರ ಜಾಗದಲ್ಲಿ ಮೆಮೊರಿ ಕಾರ್ಡಿನಿಂದ ಆಟ ಓದಿಕೊಡುವ ಜಿಡಿಇಎಂಯು ಎಂಬ ಬೋರ್ಡನ್ನು ಕೂರಿಸುವ ಪದ್ಧತಿ ಬಂತು.

ಇಲ್ಲಿ ಪವರ್ ಸಪ್ಲೈ ಮತ್ತೆ ಕಥೆಯೊಳಕ್ಕೆ ಬರುತ್ತದೆ. ಡ್ರೀಮ್‌ಕಾಸ್ಟ್‌ನ ಪವರ್ ಸಪ್ಲೈ 3.3, 5 ಮತ್ತು 12 ವೋಲ್ಟ್‌ಗಳನ್ನು ನೆಟ್ಟಗೆ ನಿಂತ ಪಿನ್ನುಗಳ ಮೂಲಕ ಮುಖ್ಯ ಬೋರ್ಡಿಗೆ ಕೊಡುತ್ತದೆ. ಈ ಪಿನ್ನುಗಳು ಮಾಸಿ ಸಡಿಲಗೊಂಡಾಗ ಯಂತ್ರ ಆಟದ ನಡುವೆ ತಾನಾಗಿ ಮರುಪ್ರಾರಂಭವಾಗುವುದು ಅದರ ಹಳೆಯ ಕಾಯಿಲೆ. ಮೂರರಲ್ಲಿ 12 ವೋಲ್ಟಿನ ಸಾಲನ್ನು ಮುಖ್ಯವಾಗಿ ಬಳಸುತ್ತಿದ್ದುದು ಡ್ರೈವ್. ಅದನ್ನು ತೆಗೆದಾಗ ಆ ಸಾಲಿನಲ್ಲಿ ವಿದ್ಯುತ್ ಎಳೆದುಕೊಳ್ಳುವವರಿಲ್ಲದೆ ವೋಲ್ಟೇಜ್ ನಿಗದಿಗಿಂತ ಮೇಲೇರುತ್ತದೆ, ಬೋರ್ಡಿನ ಆ ಭಾಗ ಬಿಸಿಯಾಗುತ್ತದೆ. ಕೆಲವರು ಡ್ರೈವಿನ ಭಾರಕ್ಕೆ ಬದಲಾಗಿ 12 ವೋಲ್ಟಿನ ಸಾಲಿನಿಂದ ನೆಲತಂತಿಗೆ ಒಂದು ರೆಸಿಸ್ಟರನ್ನು ಬೆಸೆದರು. 47 ಓಂ ರೆಸಿಸ್ಟರ್ ಹಾಕಿದರೆ ಸುಮಾರು 3 ವಾಟ್ ಶಕ್ತಿ ಶಾಖವಾಗಿ ವ್ಯಯವಾಗುತ್ತದೆ, ಅಂದರೆ ಒಂದು ಕಡೆಯ ಬಿಸಿಯನ್ನು ಇನ್ನೊಂದು ಕಡೆಗೆ ಸಾಗಿಸಿದಂತೆ. ಇನ್ನು ಕೆಲವರು ಆ ಸಾಲಿನ ಪಿನ್ನನ್ನೇ ಕಡಿದರು. ಹಳೆಯ ಪವರ್ ಸಪ್ಲೈಯನ್ನು ಪೂರ್ತಿ ತೆಗೆದು, ಹೊರಗಿನ 12 ವೋಲ್ಟ್ ಅಡಾಪ್ಟರಿನಿಂದ ಉಳಿದ ವೋಲ್ಟೇಜುಗಳನ್ನು ಮಾಡಿಕೊಡುವ ಪುಟ್ಟ ಬೋರ್ಡನ್ನು ಹಾಕಿದವರಿಗೆ ಈ ಚರ್ಚೆಯೇ ಬೇಕಾಗಲಿಲ್ಲ. ಹೀಗೆ ತಿದ್ದಿದ ಯಂತ್ರದಲ್ಲಿ ಡ್ರೈವಿನ ಪ್ರದೇಶವೂ ಇಲ್ಲ, ಪ್ಲಗ್ಗಿನ ದೇಶವೂ ಇಲ್ಲ.

ಹೊಸ ಪೀಳಿಗೆಯ ಕನ್ಸೋಲ್‌ಗಳು ಡ್ರೈವಿನ ಬೀಗವನ್ನು ಇನ್ನಷ್ಟು ಬಿಗಿಗೊಳಿಸಿದವು. ಮೈಕ್ರೋಸಾಫ್ಟ್ 2005ರಲ್ಲಿ ತಂದ ಎಕ್ಸ್‌ಬಾಕ್ಸ್ 360ರಲ್ಲಿ ಪ್ರತಿಯೊಂದು ಡಿ.ವಿ.ಡಿ. ಡ್ರೈವಿಗೂ ಅದರ ಮುಖ್ಯ ಬೋರ್ಡಿಗೂ ಹೊಂದುವ ಗುಪ್ತ ಸಂಕೇತವಿದ್ದು, ಕೆಟ್ಟ ಡ್ರೈವಿಗೆ ಬದಲಾಗಿ ಅದೇ ಮಾದರಿಯ ಇನ್ನೊಂದನ್ನು ಜೋಡಿಸಿದರೂ ಆಟ ತೆರೆದುಕೊಳ್ಳುವುದಿಲ್ಲ. ಹಳೆಯದರ ಸಂಕೇತವನ್ನು ಹೊಸದಕ್ಕೆ ಬರೆಯಬೇಕು. ನಕಲು ಮಾಡುವವರ ವಿದ್ಯೆಯೂ ರಿಪೇರಿಯವರ ವಿದ್ಯೆಯೂ ಇಲ್ಲಿ ಒಂದೇ ಆಗಿಬಿಟ್ಟವು. ಈ ತೊಡಕನ್ನು ಅಮೆರಿಕದ ಸರ್ಕಾರ ಒಪ್ಪಿಕೊಂಡದ್ದು 2021ರ ಅಕ್ಟೋಬರ್‌ನಲ್ಲಿ: ಕೆಟ್ಟ ಡಿಸ್ಕ್ ಡ್ರೈವನ್ನು ದುರಸ್ತಿ ಮಾಡುವುದಕ್ಕಾಗಿ ಮಾತ್ರ ಕನ್ಸೋಲ್‌ನ ಬೀಗವನ್ನು ದಾಟಬಹುದು, ಕೆಲಸ ಮುಗಿದ ಮೇಲೆ ಬೀಗವನ್ನು ಮೊದಲಿದ್ದಂತೆ ಮಾಡಬೇಕು ಎಂದು 1998ರ ಕಾಯ್ದೆಗೆ ವಿನಾಯಿತಿ ನೀಡಲಾಯಿತು. ಆದರೆ ಬೀಗ ದಾಟುವ ಉಪಕರಣವನ್ನು ತಯಾರಿಸಿ ಮಾರುವುದಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲವಾದ್ದರಿಂದ, ದುರಸ್ತಿಯ ಹಕ್ಕು ಪಡೆದವನು ಅದಕ್ಕೆ ಬೇಕಾದ ಉಪಕರಣವನ್ನು ತಾನೇ ಮಾಡಿಕೊಳ್ಳಬೇಕಾಗಿದೆ.