ಒಂದು ನಿಮಿಷದ ಲೆಕ್ಕ, ಹತ್ತು ತಿಂಗಳ ಕಾಯುವಿಕೆ

ಸತ್ತವರನ್ನು ಬದುಕಿಸುವ ಕಥೆಗಳೇನೂ ನಮಗೆ ಹೊಸದಲ್ಲ. ಸಾವಿತ್ರಿ ಯಮನ ಬೆನ್ನು ಹತ್ತಿ ಗಂಡನ ಪ್ರಾಣ ತಂದಳು. ಶುಕ್ರಾಚಾರ್ಯರ ಹತ್ತಿರ ಸಂಜೀವಿನಿ ವಿದ್ಯೆ ಇತ್ತು. ಆದರೆ ಹಾಗೆ ಬದುಕಿಸಿದ ಮೇಲೆ ಅದರ ಲೆಕ್ಕ ಯಾರು ಚುಕ್ತಾ ಮಾಡಬೇಕು ಅಂತ ಕೇಳುವ ಕಥೆಗಳು ಕಡಿಮೆ. 2007ರಲ್ಲಿ ಅಮೆರಿಕದ ಒಂದು ಟಿವಿ ಧಾರಾವಾಹಿ ಅದನ್ನೇ ಕೇಳಿತು. ಕೇಳಿ, ಉತ್ತರ ಪೂರ್ತಿ ಹೇಳುವ ಮೊದಲೇ ತಾನೇ ಸತ್ತುಹೋಯಿತು ಪಾಪ.

ಹೆಸರು 'ಪುಶಿಂಗ್ ಡೈಸೀಸ್'. ಮಣ್ಣಿನಡಿ ಮಲಗಿ ಡೈಸಿ ಹೂಗಳನ್ನು ಮೇಲಕ್ಕೆ ತಳ್ಳುತ್ತಿದ್ದಾನೆ ಅಂದರೆ ಇಂಗ್ಲಿಷಿನವರ ಮಾತಿನಲ್ಲಿ ಆಸಾಮಿ ಸತ್ತು ಹೂತುಹೋಗಿದ್ದಾನೆ ಅಂತ ಅರ್ಥ. ಮಗಳು ತಂದ ಡಿವಿಡಿಯಲ್ಲಿ ನಾವು ಮನೆಮಂದಿಯೆಲ್ಲ ಇದನ್ನು ನೋಡಿದ್ದು ಪುಣೆಯ ನಮ್ಮ ಫ್ಲಾಟಿನಲ್ಲಿ, ಅದೂ ತಡವಾಗಿ. ಬರೆಯೋಣ ಅಂತ ಅನ್ನಿಸಿದ್ದು ಅದರ ಚಂದಕ್ಕಿಂತ ಹೆಚ್ಚಾಗಿ, ನೋಡಿದವರೆಲ್ಲ ಒಂದೊಂದು ಕಂತಿನ ಮೇಲೂ ಯಾಕೆ ಅಷ್ಟು ಜಗಳ ಆಡುತ್ತಾರೆ ಎಂಬ ಕುತೂಹಲಕ್ಕೆ.

ಕಥೆ ಹೀಗಿದೆ ನೋಡಿ. ನೆಡ್ ಅಂತ ಒಬ್ಬ ಹುಡುಗ. ಸತ್ತದ್ದನ್ನು ಮುಟ್ಟಿದರೆ ಅದಕ್ಕೆ ಜೀವ ಬರುತ್ತದೆ. ಎರಡನೇ ಸಲ ಮುಟ್ಟಿದರೆ ಶಾಶ್ವತವಾಗಿ ಹೋಗುತ್ತದೆ. ಒಂದು ನಿಮಿಷದೊಳಗೆ ಎರಡನೇ ಸಲ ಮುಟ್ಟದಿದ್ದರೆ? ಹತ್ತಿರದಲ್ಲಿರುವ ಇನ್ಯಾವುದೋ ಜೀವ ಅದರ ಬದಲಿಗೆ ಹೋಗುತ್ತದೆ. ಇಷ್ಟೇ ನಿಯಮ. ಚಿಕ್ಕ ನೆಡ್‌ಗೆ ಇದು ಗೊತ್ತಿಲ್ಲ. ಅಮ್ಮ ಅಡುಗೆಮನೆಯಲ್ಲಿ ಕುಸಿದು ಸತ್ತಾಗ ಮುಟ್ಟಿ ಎಬ್ಬಿಸುತ್ತಾನೆ. ನಿಮಿಷ ಕಳೆಯುತ್ತಲೇ ನೆರೆಮನೆಯ ಹುಡುಗಿ ಚಕ್‌ಳ ಅಪ್ಪ ಬಿದ್ದು ಸಾಯುತ್ತಾನೆ. ರಾತ್ರಿ ಅಮ್ಮ ಮಲಗಿಸಲು ಬಂದು ಮುತ್ತು ಕೊಡುತ್ತಾಳೆ. ಅಷ್ಟರಲ್ಲಿ ಅವಳೂ ಹೋದಳು! ನೆಡ್ ದೊಡ್ಡವನಾಗಿ ಪೈ ಅಂಗಡಿ ಇಡುತ್ತಾನೆ (ಪೈ ಅಂದರೆ ಮೈದಾದ ಚಿಪ್ಪಿನೊಳಗೆ ಹಣ್ಣಿನ ಹೂರಣ ತುಂಬಿ ಬೇಯಿಸುವ ತಿಂಡಿ). ಕೊಳೆತ ಹಣ್ಣು ಅವನ ಕೈ ತಾಗಿದರೆ ತಾಜಾ ಆಗುತ್ತದೆ. ಆದರೆ ಆ ಪೈಯನ್ನು ಅವನೇ ತಿನ್ನುವಂತಿಲ್ಲ, ಬಾಯಿಗಿಟ್ಟರೆ ಮತ್ತೆ ಕೊಳೆತೀತು. ಎಮರ್ಸನ್ ಕಾಡ್ ಎಂಬ ಖಾಸಗಿ ಪತ್ತೇದಾರ ಇವನನ್ನು ಶವಾಗಾರಕ್ಕೆ ಕರೆದುಕೊಂಡು ಹೋಗಿ, ಕೊಲೆಯಾದವರನ್ನು ಒಂದು ನಿಮಿಷ ಎಬ್ಬಿಸಿ, "ಯಾರಪ್ಪಾ ನಿನ್ನನ್ನು ಕೊಂದಿದ್ದು?" ಅಂತ ಕೇಳಿಸುತ್ತಾನೆ. ಇನಾಮು ಇಬ್ಬರಿಗೂ ಪಾಲು. ಒಂದು ದಿನ ಹೀಗೆ ಎಬ್ಬಿಸಬೇಕಾದ ಹೆಣ ಚಕ್‌ಳದ್ದೇ ಆಗಿರುತ್ತದೆ. ಈ ಸಲ ನೆಡ್ ಎರಡನೇ ಸಲ ಮುಟ್ಟುವುದಿಲ್ಲ. ಅವಳು ಉಳಿಯುತ್ತಾಳೆ, ಇಬ್ಬರೂ ಪ್ರೀತಿಸುತ್ತಾರೆ, ಆದರೆ ಬೆರಳು ಕೂಡ ತಾಗಿಸುವಂತಿಲ್ಲ. ನಡುವೆ ಪ್ಲಾಸ್ಟಿಕ್ ಹಿಡಿದು ಮುತ್ತು ಕೊಟ್ಟುಕೊಳ್ಳುವ ದೃಶ್ಯ ನೋಡಿ ನಮ್ಮ ಮನೆಯಲ್ಲಿ ಮೊದಲು ನಕ್ಕರು, ಆಮೇಲೆ ಸುಮ್ಮನಾದರು.

ಇದರ ಕರ್ತೃ ಬ್ರಯಾನ್ ಫುಲ್ಲರ್. ಮೊದಲು ಅವರು 'ಡೆಡ್ ಲೈಕ್ ಮಿ' ಅಂತ ಇನ್ನೊಂದು ಧಾರಾವಾಹಿ ಮಾಡಿದ್ದರು. ಅದರ ನಾಯಕಿಯದು ಪ್ರಾಣ ಒಯ್ಯುವ ಕೆಲಸ, ಯಮದೂತರ ನೌಕರಿ ಅನ್ನಿ. ಅವಳು ಮಾಡಿದ್ದನ್ನೆಲ್ಲ ಮುಟ್ಟಿ ಕೆಡಿಸುವ ಒಬ್ಬ ಪಾತ್ರ ಇದ್ದರೆ ಹೇಗೆ ಎಂಬ ಯೋಚನೆಯಿಂದ ನೆಡ್ ಹುಟ್ಟಿದ. ಫ್ರೆಂಚ್ ಚಿತ್ರ 'ಅಮೆಲಿ'ಯ ಬಣ್ಣ, ಲವಲವಿಕೆ ಬೇಕು ಅಂತ ಫುಲ್ಲರ್ ಬಯಸಿದ್ದರು. ಬ್ಯಾರಿ ಸೊನೆನ್‌ಫೆಲ್ಡ್ ಮೊದಲ ಕಂತು ನಿರ್ದೇಶಿಸಿದರು. ಹ್ಯಾರಿ ಪಾಟರ್ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿದ ಜಿಮ್ ಡೇಲ್ ಇಲ್ಲಿ ಸೂತ್ರಧಾರನ ಧ್ವನಿ. ಪಾತ್ರಗಳ ವಯಸ್ಸನ್ನು ವರ್ಷ, ವಾರ, ದಿನ, ಗಂಟೆ, ನಿಮಿಷದವರೆಗೆ ಹೇಳುತ್ತಾರೆ! ನಮ್ಮ ಜಾತಕದವರೂ ಅಷ್ಟು ನಿಖರವಾಗಿ ಹೇಳಲಾರರು.

2007ರ ಅಕ್ಟೋಬರ್ 3, ಬುಧವಾರ, ಎಬಿಸಿ ವಾಹಿನಿಯಲ್ಲಿ ಮೊದಲ ಕಂತು. ನೋಡಿದವರು ಸುಮಾರು 1 ಕೋಟಿ 30 ಲಕ್ಷ ಜನ. ಇದೇ ಎಬಿಸಿ 1990ರಲ್ಲಿ 'ಟ್ವಿನ್ ಪೀಕ್ಸ್' ಪ್ರಸಾರ ಮಾಡಿತ್ತು. ಲಾರಾ ಪಾಮರಳನ್ನು ಕೊಂದವರು ಯಾರು ಅಂತ ಆಗ ಅಮೆರಿಕವೆಲ್ಲ ತಲೆ ಕೆಡಿಸಿಕೊಂಡಿತ್ತು. ಜನ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿ, ನಿಲ್ಲಿಸಿ ನಿಲ್ಲಿಸಿ ನೋಡಿ ಸುಳಿವು ಹುಡುಕುತ್ತಿದ್ದರು. ಬೇಗ ಹೇಳಿಬಿಡಿ ಅಂತ ವಾಹಿನಿ ಒತ್ತಾಯಿಸಿತು, ಕೊಲೆಗಾರನ ಹೆಸರು ಹೊರಬಿತ್ತು, ಜನ ಎದ್ದು ಹೋದರು. 1991ರಲ್ಲಿ ಅದು ಮುಗಿಯಿತು. ಡೈಸೀಸ್‌ನಲ್ಲಿ ಆ ತೊಂದರೆ ಇರಲಿಲ್ಲ. ಕೊಲೆಗಾರ ಯಾರು ಅನ್ನುವುದು ಆಯಾ ಕಂತಿನಲ್ಲೇ ಇತ್ಯರ್ಥ. ಕಂತು ಮುಗಿದ ಮೇಲೂ ಉಳಿಯುತ್ತಿದ್ದದ್ದು ಬೇರೆ ಪ್ರಶ್ನೆ: ನೆಡ್ ಮಾಡಿದ್ದು ಸರಿಯೇ?

ಮೂರನೇ ಕಂತನ್ನೇ ತೆಗೆದುಕೊಳ್ಳಿ. ಚಕ್ ಬದುಕಿ ಉಳಿದಾಗ ಅವಳ ಬದಲಿಗೆ ಸತ್ತವನು ಅಂತ್ಯಕ್ರಿಯೆ ನಡೆಸುವ ಮನೆಯ ಯಜಮಾನ, ಲಾರೆನ್ಸ್ ಶಾಟ್ಸ್. ಈ ಕಂತಿನಲ್ಲಿ ಅವನ ಅವಳಿ ತಮ್ಮ ಬಂದು, ನನ್ನ ಅಣ್ಣ ಹೇಗೆ ಸತ್ತ ಕಂಡುಹಿಡಿಯಿರಿ ಅಂತ ಎಮರ್ಸನ್‌ನನ್ನೇ ಗೊತ್ತು ಮಾಡುತ್ತಾನೆ. ತನಗಾಗಿ ಒಬ್ಬ ಸತ್ತಿದ್ದಾನೆ ಅಂತ ಚಕ್‌ಗೆ ತಿಳಿಯುವುದೂ ಇಲ್ಲೇ. ನಮ್ಮ ಮನೆಯಲ್ಲಿ ಊಟದ ತಟ್ಟೆ ಒಣಗುವವರೆಗೆ ವಾದ ನಡೆಯಿತು. ಮಗಳು ನೆಡ್ ಪಕ್ಷ: "ಅಪ್ಪಾ, ಅವನು ಬೇಕಂತ ಮಾಡಿದ್ದಲ್ಲ, ಯಾರು ಸಾಯುತ್ತಾರೆ ಅಂತ ಅವನಿಗೇನು ಗೊತ್ತು?" ನನ್ನಾಕೆ ಒಪ್ಪಲಿಲ್ಲ. "ಯಾರೋ ಒಬ್ಬರು ಸಾಯ್ತಾರೆ ಅಂತ ಗೊತ್ತಿತ್ತಲ್ಲ, ಅಷ್ಟು ಸಾಲದಾ?"

ನಾನು ನನ್ನಾಕೆಯ ಪಕ್ಷ. ಇನ್ನೂ ಒಂದು ತಕರಾರು ನನ್ನದಿದೆ. ಆ ಲಾರೆನ್ಸ್ ಹೆಣಗಳ ಮೈಮೇಲಿನ ಒಡವೆ ಕದಿಯುವವನು ಅಂತ ತೋರಿಸುತ್ತಾರೆ. ಎರಡನೇ ಸೀಸನ್ನಿನಲ್ಲಿ ಚಕ್ ತನ್ನ ಅಪ್ಪನನ್ನು ಗೋರಿಯಿಂದ ಎಬ್ಬಿಸಿಸಿ, ನೆಡ್‌ಗೆ ಮೋಸ ಮಾಡಿ ಉಳಿಸಿಕೊಳ್ಳುತ್ತಾಳೆ. ಲಾರೆನ್ಸ್‌ಗಾಗಿ ಕೊರಗಿದವಳೇ ಅದೇ ಕೆಲಸ ಮಾಡುತ್ತಾಳೆ, ಅದು ಒಳ್ಳೆಯ ಬರವಣಿಗೆ. ಆದರೆ ಬದಲಿಗೆ ಸಾಯುವವನು ಯಾರು? ಆ ಕ್ಷಣದಲ್ಲಿ ಇವರ ಕಡೆಗೇ ಬಂದೂಕು ಗುರಿಯಿಟ್ಟು ನಿಂತ ದುಷ್ಟ. ಹೀಗೆ ಸಾಯುವವರೆಲ್ಲ ಕೆಟ್ಟವರೇ ಆದರೆ ನೋಡುವವರ ಮನಸ್ಸು ಹಗುರ, ಸರಿ. ಆದರೆ ಅದು ದಿನಸಿ ಅಂಗಡಿಯವನು ತಕ್ಕಡಿಯ ಅಡಿಗೆ ಹುಣಸೆಹಣ್ಣು ಅಂಟಿಸಿದ ಹಾಗೆ. ಚಕ್‌ಳ ಅಪ್ಪ ಮೊದಲ ಸಲ ಸತ್ತಾಗ ಮಾತ್ರ ಈ ಮೋಸ ಇಲ್ಲ. ಆತ ನಿರಪರಾಧಿ, ಕೊಂದವನು ಏನೂ ಅರಿಯದ ಮಗು. ಇಡೀ ಧಾರಾವಾಹಿಯ ಭಾರ ನಿಂತಿರುವುದು ಆ ಒಂದು ಸಾವಿನ ಮೇಲೆ.

ಹೀಗೆ ವಾದ ಮಾಡುತ್ತಿರುವಾಗ ನನಗೆ ನೆನಪಾಗಿದ್ದು ಬೇತಾಳ. ಊರಲ್ಲಿದ್ದಾಗ ಚಂದಮಾಮದಲ್ಲಿ ಓದುತ್ತಿದ್ದೆವಲ್ಲ! ಹನ್ನೊಂದನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಬೇತಾಳ ಹೇಳುವ ಒಂದು ಕಥೆಯಿದೆ. ಮಂದಾರವತಿ ಎಂಬ ಹುಡುಗಿಗೆ ಮೂವರು ವರಗಳು. ಅವಳು ಜ್ವರ ಬಂದು ಸತ್ತಾಗ ಒಬ್ಬ ಚಿತಾಭಸ್ಮದ ಮೇಲೆಯೇ ಮಲಗುತ್ತಾನೆ, ಒಬ್ಬ ಅಸ್ಥಿ ಒಯ್ದು ಗಂಗೆಯಲ್ಲಿ ಬಿಡಲು ಹೋಗುತ್ತಾನೆ, ಮೂರನೆಯವನು ಅಲೆದು ಅಲೆದು ಬದುಕಿಸುವ ಮಂತ್ರ ತರುತ್ತಾನೆ. ಹುಡುಗಿ ಎದ್ದಳು. ಈಗ ಅವಳು ಯಾರ ಹೆಂಡತಿ? ರಾಜನ ತೀರ್ಪು: ಜೀವ ಕೊಟ್ಟವನು ತಂದೆ, ಅಸ್ಥಿ ಒಯ್ದವನು ಮಗ, ಬೂದಿಯ ಮೇಲೆ ಮಲಗಿದವನೇ ಗಂಡ. ಈ ತೀರ್ಪನ್ನು ನೆಡ್‌ಗೆ ಹಚ್ಚಿ ನೋಡಿ! ಜೀವ ಕೊಟ್ಟವನು ಗಂಡನಾಗುವಂತಿಲ್ಲ. ಫುಲ್ಲರ್ ಬೇತಾಳನ ಕಥೆ ಓದಿದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಅವರ ನಿಯಮವೂ ಅದನ್ನೇ ಮಾಡಿಸುತ್ತದೆ. ಎಬ್ಬಿಸಿದವನು ಅವಳನ್ನು ಮುಟ್ಟುವಂತಿಲ್ಲ. ಇದನ್ನು ಹೇಳಿದಾಗ ಮಗಳು "ಛೀ, ನೀವು ಪ್ರೇಮಕಥೆ ಹಾಳು ಮಾಡಿದಿರಿ" ಅಂದಳು.

ಬೇತಾಳನ ಕಥೆಗೆ ಉತ್ತರ ಅಲ್ಲೇ ಸಿಗುತ್ತಿತ್ತು, ಹೊಸ ಕಥೆಗೆ ಮುಂದಿನ ತಿಂಗಳವರೆಗೆ ಕಾಯುತ್ತಿದ್ದೆವು. ಟಿವಿಯಲ್ಲಿ ಕಾಯುವುದು ಒಂದು ವಾರ. ಗುರುವಾರದಿಂದ ಮಂಗಳವಾರದವರೆಗೆ ಕಚೇರಿಯಲ್ಲಿ, ಬಸ್ಸಿನಲ್ಲಿ ಮಾತಾಡಲು ವಿಷಯ. ಆ ವಾರ ಉದ್ದವಾದರೆ ಏನಾಗುತ್ತದೆ ಅನ್ನುವುದಕ್ಕೆ ಡೈಸೀಸ್‌ನ ಕಥೆಯೇ ಸಾಕ್ಷಿ. 2007ರ ನವೆಂಬರ್ 5ರಂದು ಅಮೆರಿಕದ ಚಿತ್ರಕಥೆಗಾರರು ಮುಷ್ಕರ ಹೂಡಿದರು. ಡಿವಿಡಿ, ಇಂಟರ್ನೆಟ್ಟಿನಿಂದ ಬರುವ ಹಣದಲ್ಲಿ ನ್ಯಾಯವಾದ ಪಾಲು ಕೊಡಿ ಅಂತ ಬೇಡಿಕೆ. ತಪ್ಪೇನಿಲ್ಲ, ಬರೆಯುವವನಿಗೂ ಹೊಟ್ಟೆಯಿದೆ. ನೂರು ದಿನದ ನಂತರ, 2008ರ ಫೆಬ್ರವರಿ 12ಕ್ಕೆ ಮುಗಿಯಿತು. ಆದರೆ ಅಷ್ಟರಲ್ಲಿ ಡೈಸೀಸ್‌ನ ಒಂಬತ್ತೇ ಕಂತು ತಯಾರಾಗಿದ್ದವು. ಎಂಟನೆಯದರ ಕೊನೆಗೆ ನೆಡ್, ನಿನ್ನ ಅಪ್ಪನನ್ನು ಕೊಂದದ್ದು ನಾನೇ ಅಂತ ಚಕ್‌ಗೆ ಒಪ್ಪಿಕೊಂಡಿದ್ದ. ಡಿಸೆಂಬರ್ 12ರ ಒಂಬತ್ತನೆಯದರಲ್ಲಿ ಚಕ್‌ಳನ್ನು ಸಾಕಿದ ಲಿಲಿ ಚಿಕ್ಕಮ್ಮ ನಿಜವಾಗಿ ಹೆತ್ತ ತಾಯಿ ಅಂತ ಬಯಲಾಯಿತು. ಇಂಥ ಜಾಗದಲ್ಲಿ ನಿಲ್ಲಿಸಿ, ಮುಷ್ಕರ ಮುಗಿದರೂ ಆ ವಸಂತದಲ್ಲಿ ಮುಂದುವರಿಸದೆ, ಎಬಿಸಿ 2008ರ ಅಕ್ಟೋಬರ್ 1ಕ್ಕೆ ಮತ್ತೆ ಶುರು ಮಾಡಿತು. ಹತ್ತಿರ ಹತ್ತಿರ ಹತ್ತು ತಿಂಗಳು! ವಾಪಸ್ ಬಂದು ನೋಡಿದವರು ಮೊದಲಿನವರ ಸುಮಾರು ಅರ್ಧ. ಬ್ರಿಟನ್ನಿನ ಐಟಿವಿಯಂತೂ 2008ರಲ್ಲಿ ತನ್ನ ವೇಳಾಪಟ್ಟಿಗೆ ಒಂಬತ್ತು ಕಂತು ಹಿಡಿಸುವುದಿಲ್ಲ ಅಂತ ಎರಡನೇ ಕಂತನ್ನೇ ಹಾರಿಸಿಬಿಟ್ಟಿತು. ನಮ್ಮೂರ ಟೆಂಟಿನಲ್ಲಿ ಒಂದು ರೀಲು ಬಿಟ್ಟರೆ ಜನ ಕುರ್ಚಿ ಮುರಿಯುತ್ತಿದ್ದರು.

2008ರ ನವೆಂಬರಿನಲ್ಲಿ, ಇನ್ನು ಹೊಸ ಕಂತು ಬೇಡ ಅಂತ ಎಬಿಸಿ ಹೇಳಿತು. ಎರಡನೇ ಸೀಸನ್ನಿನ ಹದಿಮೂರರಲ್ಲಿ ಹತ್ತು ಪ್ರಸಾರವಾದವು. ಉಳಿದ ಮೂರನ್ನು 2009ರ ಬೇಸಿಗೆಯಲ್ಲಿ, ಶನಿವಾರಗಳಂದು, ಯಾರೂ ಟಿವಿ ಮುಂದೆ ಕೂರದ ಹೊತ್ತಿನಲ್ಲಿ ಹಾಕಿ ಮುಗಿಸಿದರು. ಜೂನ್ 13ಕ್ಕೆ ಕೊನೆ. ಒಟ್ಟು 22 ಕಂತು. ತಮಾಷೆ ಅಂದರೆ ಬಹುಮಾನ ಬರುತ್ತಲೇ ಇದ್ದವು, ಎರಡು ವರ್ಷ ಸೇರಿ ಏಳು ಎಮ್ಮಿ. ಮೊದಲ ಕಂತಿಗಾಗಿ ಸೊನೆನ್‌ಫೆಲ್ಡ್‌ಗೆ 2008ರಲ್ಲಿ ಬಂತು. ನೆಡ್‌ನನ್ನು ಒಳಗೊಳಗೇ ಪ್ರೀತಿಸುವ ಆಲಿವ್ ಆಗಿ ನಟಿಸಿದ ಕ್ರಿಸ್ಟಿನ್ ಚೆನೊವೆತ್ 2009ರ ಸೆಪ್ಟೆಂಬರಿನಲ್ಲಿ ಬಹುಮಾನ ತೆಗೆದುಕೊಳ್ಳುವಾಗ, ಈಗ ನನಗೆ ಕೆಲಸವಿಲ್ಲ ಅಂತ ವೇದಿಕೆಯ ಮೇಲೆಯೇ ಹೇಳಿದರು.

ಕೊನೆಯ ಕಂತಿಗೆ ಅವಸರದಲ್ಲಿ ಒಂದು ಮುಕ್ತಾಯ ಅಂಟಿಸಿದ್ದಾರೆ. ಸತ್ತಿದ್ದಾಳೆ ಅಂತ ನಂಬಿದ್ದ ಇಬ್ಬರು ಚಿಕ್ಕಮ್ಮಂದಿರ ಬಾಗಿಲಿಗೆ ನೆಡ್ ಚಕ್‌ಳನ್ನು ಕರೆದುಕೊಂಡು ಹೋಗುತ್ತಾನೆ. ಎಮರ್ಸನ್‌ನ ಕಳೆದುಹೋದ ಮಗಳು ಬಂದು ಬಾಗಿಲು ತಟ್ಟುತ್ತಾಳೆ. ಉಳಿದದ್ದನ್ನು ಕಾಮಿಕ್ ಪುಸ್ತಕವಾಗಿ ತರುವ ಯೋಜನೆ ಇತ್ತು, ಬರಲಿಲ್ಲ. ಚಿಕ್ಕಮ್ಮಂದಿರು ಏನು ಕೇಳಿದರು, ಆಗ ಚಕ್ ಲಾರೆನ್ಸ್‌ನ ವಿಷಯ ಹೇಳಿದಳೋ ಮುಚ್ಚಿಟ್ಟಳೋ, ಅದು ಯಾವ ಕಂತಿನಲ್ಲೂ ಇಲ್ಲ. ಹೇಳಬೇಕಿತ್ತು ಅಂತ ನನ್ನಾಕೆ, ಹೇಳಿ ಏನು ಪ್ರಯೋಜನ ಅಂತ ಮಗಳು. ನಿಮ್ಮ ಮನೆಯಲ್ಲಿ ನೋಡಿದವರಿದ್ದರೆ ಕೇಳಿ ನೋಡಿ.