ಪ್ರಧಾನ ಕಣ್ಣು ಮತ್ತು ರೂಢಿಯ ಕೈ: ಸ್ನೂಕರ್‌ನಲ್ಲಿ ಗುರಿ

ಎರಡೂ ಕಣ್ಣು ತೆರೆದಿರುವಾಗ ವಸ್ತುವೊಂದು ಯಾವ ದಿಕ್ಕಿನಲ್ಲಿದೆ ಎಂದು ನಿರ್ಧರಿಸಲು ಮಿದುಳು ಹೆಚ್ಚಾಗಿ ನೆಚ್ಚಿಕೊಳ್ಳುವ ಕಣ್ಣನ್ನು ಪ್ರಧಾನ ಕಣ್ಣು ಎನ್ನುತ್ತಾರೆ. ಬರೆಯುವುದು, ಎಸೆಯುವುದು ಮೊದಲಾದ ಕೆಲಸಗಳಿಗೆ ತಾನಾಗಿ ಮುಂದಾಗುವ ಕೈ ರೂಢಿಯ ಕೈ. ಸ್ನೂಕರ್ ಆಟದಲ್ಲಿ ಕ್ಯೂ ಎಂಬ ಉದ್ದನೆಯ ಕೋಲನ್ನು ಕೈ ನಡೆಸುತ್ತದೆ, ಅದರ ದಾರಿಯನ್ನು ಕಣ್ಣು ಹಿಡಿಯುತ್ತದೆ. ಇವೆರಡೂ ದೇಹದ ಒಂದೇ ಮಗ್ಗುಲಿನಲ್ಲಿ ಇರಬೇಕೆಂಬ ಕಟ್ಟುಪಾಡು ಪ್ರಕೃತಿಯಲ್ಲಿ ಇಲ್ಲವಾದ್ದರಿಂದ, ಆಟಗಾರನ ನಿಲುವು, ತಲೆಯ ಇರವು ಮತ್ತು ಗದ್ದದ ಕೆಳಗೆ ಕ್ಯೂ ಹಾಯುವ ಜಾಗ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುತ್ತವೆ.

ಈ ವಿಷಯಕ್ಕೆ ಸ್ನೂಕರ್‌ನಲ್ಲಿ ಇಷ್ಟು ಮಹತ್ವ ಬರಲು ಮೇಜಿನ ಅಳತೆಯೇ ಕಾರಣ. ಪೂರ್ಣ ಗಾತ್ರದ ಮೇಜಿನ ಆಡುವ ಜಾಗ 3,569 ಮಿಲಿಮೀಟರ್ ಉದ್ದ, 1,778 ಮಿಲಿಮೀಟರ್ ಅಗಲವಿದ್ದು, ಅದರ ಮೇಲೆ ಉರುಳುವ ಚೆಂಡಿನ ವ್ಯಾಸ ಕೇವಲ 52.5 ಮಿಲಿಮೀಟರ್. ಬಿಳಿ ಚೆಂಡು ಒಂದೂವರೆ ಮೀಟರ್ ಸಾಗಿ ಗುರಿ ಚೆಂಡಿಗೆ ನೇರವಾಗಿ ತಾಗಬೇಕಾದ ಹೊಡೆತವನ್ನು ತೆಗೆದುಕೊಂಡರೆ, ಅದು ಹೊರಡುವ ದಿಕ್ಕಿನಲ್ಲಿ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ತಪ್ಪಾದರೂ ತಾಗುವ ಹೊತ್ತಿಗೆ ಅದು ಸುಮಾರು 2.6 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ತಾಗಿದ ಮೇಲೆ ಅದೇ ತಪ್ಪು ಗುರಿ ಚೆಂಡಿನ ದಾರಿಯಲ್ಲಿ ಹೆಚ್ಚುಕಡಿಮೆ 3 ಡಿಗ್ರಿಗಳಷ್ಟಾಗಿ ಬೆಳೆದು, ಒಂದು ಮೀಟರ್ ದೂರದ ಪಾಕೆಟ್ ಬಳಿ 5 ಸೆಂಟಿಮೀಟರ್ ಆಗುತ್ತದೆ. ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪು ಕೊನೆಯಲ್ಲಿ ಒಂದು ಚೆಂಡಿನ ಅಗಲಕ್ಕೆ ಸಮನಾಗುತ್ತದೆ. ಮನುಷ್ಯನ ಎರಡು ಕಣ್ಣಾಲಿಗಳ ನಡುವಿನ ಅಂತರ ಸಾಮಾನ್ಯವಾಗಿ 6 ಸೆಂಟಿಮೀಟರಿಗೂ ತುಸು ಹೆಚ್ಚು, ಎಂದರೆ ಚೆಂಡಿನ ವ್ಯಾಸಕ್ಕಿಂತಲೂ ದೊಡ್ಡದು ಎಂಬುದನ್ನು ಇದರೊಡನೆ ಇಟ್ಟು ನೋಡಿದರೆ, ಯಾವ ಕಣ್ಣಿನಿಂದ ಗೆರೆ ಎಳೆಯುತ್ತೇವೆ ಎಂಬುದು ಏಕೆ ಗೌಣ ಪ್ರಶ್ನೆಯಲ್ಲ ಎಂಬುದು ತಿಳಿಯುತ್ತದೆ.

ಮೂಗಿನ ಮುಂದೆ ಒಂದು ಬೆರಳನ್ನು ನೆಟ್ಟಗೆ ಹಿಡಿದು ದೂರದ ದೀಪವನ್ನು ದಿಟ್ಟಿಸಿದರೆ ಬೆರಳು ಎರಡಾಗಿ ಕಾಣುತ್ತದೆ. ಬೆರಳನ್ನೇ ದಿಟ್ಟಿಸಿದರೆ ದೀಪ ಎರಡಾಗುತ್ತದೆ. ಎರಡು ಕಣ್ಣುಗಳ ಚಿತ್ರಗಳು ಒಂದು ದೂರದಲ್ಲಿ ಮಾತ್ರ ಕೂಡಿಕೊಳ್ಳುವುದರಿಂದ ಹೀಗಾಗುತ್ತದೆ. ಸ್ನೂಕರ್ ಆಟಗಾರನ ಸ್ಥಿತಿಯೂ ಇದೇ. ಕ್ಯೂ ಅವನ ಗದ್ದಕ್ಕೆ ತಾಗಿಕೊಂಡಿರುತ್ತದೆ, ಬಿಳಿ ಚೆಂಡು ತೋಳಿನಳತೆಯ ಆಸುಪಾಸಿನಲ್ಲಿರುತ್ತದೆ, ಗುರಿ ಚೆಂಡು ಮೇಜಿನ ಇನ್ನೊಂದು ಕೊನೆಯಲ್ಲಿರಬಹುದು. ದೂರದ ಚೆಂಡಿನ ಮೇಲೆ ನೋಟ ನೆಟ್ಟಾಗ ಹತ್ತಿರದ ಕ್ಯೂವಿನ ಎರಡು ಚಿತ್ರಗಳು ಮಿದುಳಿಗೆ ತಲಪುತ್ತವೆ, ಮಿದುಳು ಅವುಗಳಲ್ಲಿ ಒಂದನ್ನು ಕಡೆಗಣಿಸಿ ಇನ್ನೊಂದನ್ನು ನಂಬುತ್ತದೆ. ಹೀಗೆ ನಂಬಿದ ಚಿತ್ರವನ್ನು ಕೊಟ್ಟ ಕಣ್ಣೇ ಪ್ರಧಾನ ಕಣ್ಣು. ಆ ಕಣ್ಣು ಕ್ಯೂವಿನ ನೇರ ಮೇಲಿದ್ದರೆ ಕೋಲು ಚೆಂಡಿನತ್ತ ನೆಟ್ಟಗೆ ಸಾಗುವ ಗೆರೆಯಾಗಿ ಕಾಣುತ್ತದೆ. ಪಕ್ಕಕ್ಕಿದ್ದರೆ ನೆಟ್ಟಗಿರುವ ಕೋಲೂ ಓರೆಯಾಗಿ ಕಂಡು, ಆಟಗಾರ ತನಗರಿವಿಲ್ಲದೆ ಅದನ್ನು 'ಸರಿಪಡಿಸಲು' ಹೋಗಿ ತಪ್ಪು ಮಾಡುತ್ತಾನೆ. ಹಾಗೆಂದು ಬಂದೂಕಿನ ಗುರಿಕಾರರಲ್ಲಿ ಕೆಲವರು ಮಾಡುವಂತೆ ಒಂದು ಕಣ್ಣನ್ನು ಮುಚ್ಚುವುದು ಇಲ್ಲಿ ಒಗ್ಗದು, ಏಕೆಂದರೆ ದೂರದ ಅಂದಾಜಿಗೆ ಎರಡೂ ಕಣ್ಣು ಬೇಕು, ಆ ಅಂದಾಜಿನ ಮೇಲೆಯೇ ಹೊಡೆತದ ಬಿರುಸು ನಿಂತಿದೆ.

ಪ್ರಧಾನ ಕಣ್ಣಿನ ಸಂಗತಿಯನ್ನು ಮೊದಲಿಗೆ ವಿವರಿಸಿದವನೆಂದು ಇಟಲಿಯ ವಿದ್ವಾಂಸ ಜಿಯಾಂಬತಿಸ್ತಾ ದೆಲ್ಲಾ ಪೋರ್ಟಾನನ್ನು ಹೇಳುವ ವಾಡಿಕೆಯಿದೆ. ಬೆಳಕಿನ ವಕ್ರೀಭವನವನ್ನು ಕುರಿತ ಅವನ ಗ್ರಂಥ 1593ರಲ್ಲಿ ಪ್ರಕಟವಾಯಿತು. ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಬಲಗೈಯವರಾದರೂ, ಬಲಗಣ್ಣು ಪ್ರಧಾನವಾಗಿರುವವರು ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಎಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಬಲಗೈ ಮತ್ತು ಎಡಗಣ್ಣಿನ ಜೋಡಿ, ಅಂದರೆ ಅಡ್ಡಪ್ರಾಧಾನ್ಯ, ದೋಷವೂ ಅಲ್ಲ, ವಿರಳವೂ ಅಲ್ಲ. ಕೈಗೂ ಕಣ್ಣಿಗೂ ಇರುವ ನಂಟು ಸಡಿಲವಾಗಿರುವುದಕ್ಕೆ ನರಗಳ ರಚನೆಯೂ ಒಂದು ಕಾರಣವಿರಬಹುದು: ಬಲಗೈಯ ಹತೋಟಿ ಮುಖ್ಯವಾಗಿ ಮಿದುಳಿನ ಎಡಭಾಗದಲ್ಲಿದೆ, ಆದರೆ ಪ್ರತಿಯೊಂದು ಕಣ್ಣಿನಿಂದ ಹೊರಟ ನರತಂತುಗಳು ಅರ್ಧ ಈಚೆ, ಅರ್ಧ ಆಚೆ ಎಂಬಂತೆ ಮಿದುಳಿನ ಎರಡೂ ಭಾಗಗಳಿಗೆ ಹೋಗುತ್ತವೆ. ಪ್ರಧಾನ ಕಣ್ಣೇ ಹೆಚ್ಚು ಸ್ಪಷ್ಟವಾಗಿ ಕಾಣುವ ಕಣ್ಣಾಗಿರಬೇಕೆಂದೂ ಇಲ್ಲ.

ಯಾವ ಕಣ್ಣು ಪ್ರಧಾನ ಎಂದು ತಿಳಿಯುವುದು ಸುಲಭ. ಎರಡೂ ತೋಳುಗಳನ್ನು ಮುಂದೆ ಚಾಚಿ, ಅಂಗೈಗಳನ್ನು ಕೂಡಿಸಿ ನಡುವೆ ಸಣ್ಣ ಕಿಂಡಿ ಉಳಿಸಿಕೊಂಡು, ಅದರ ಮೂಲಕ ಮೇಜಿನ ಮೇಲಿನ ನೀಲಿ ಚೆಂಡನ್ನು ನೋಡುತ್ತ ಕೈಗಳನ್ನು ಮೆಲ್ಲಗೆ ಮುಖದತ್ತ ತಂದರೆ ಅವು ಪ್ರಧಾನ ಕಣ್ಣಿನ ಮುಂದೆಯೇ ಬಂದು ನಿಲ್ಲುತ್ತವೆ. ಆದರೆ ನೆಟ್ಟಗೆ ನಿಂತು ಮಾಡಿದ ಈ ಪರೀಕ್ಷೆಯ ಫಲವನ್ನು ಬಾಗಿದ ಭಂಗಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಖಾನ್ ಮತ್ತು ಕ್ರಾಫರ್ಡ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವು, ನೋಟ ಎಡಕ್ಕೆ ಹೊರಳಿದಾಗ ಎಡಗಣ್ಣೂ ಬಲಕ್ಕೆ ಹೊರಳಿದಾಗ ಬಲಗಣ್ಣೂ ಪ್ರಧಾನವಾಗಬಲ್ಲದು ಎಂದು ತೋರಿಸಿತು. ಕ್ಯೂವಿನ ಮೇಲೆ ತಲೆಯನ್ನು ಓರೆ ಹಿಡಿಯುವವರಲ್ಲಿ ಕಣ್ಣುಗುಡ್ಡೆಗಳು ಒಂದು ಕಡೆಗೆ ಹೊರಳಿಯೇ ಇರುವುದರಿಂದ, ಮೇಜಿನ ಬಳಿ ಬಾಗಿಯೇ ನೋಡುವುದು ಹೆಚ್ಚು ನಂಬಲರ್ಹವಾದ ದಾರಿ. ಕಂದು, ನೀಲಿ, ಗುಲಾಬಿ, ಕಪ್ಪು ಚೆಂಡುಗಳ ಗುರುತುಗಳು ಮೇಜಿನ ನಟ್ಟನಡುವಿನ ಒಂದೇ ಗೆರೆಯಲ್ಲಿವೆ. ಕಂದು ಗುರುತಿನ ಮೇಲೆ ಬಿಳಿ ಚೆಂಡನ್ನಿಟ್ಟು ಆ ಗೆರೆಯಲ್ಲೇ ನೇರ ಹೊಡೆತಕ್ಕೆ ಸಹಜವಾಗಿ ಬಾಗಿದಾಗ ಕ್ಯೂ ಗದ್ದದ ಯಾವ ಭಾಗಕ್ಕೆ ತಾಗುತ್ತದೆ ಎಂದು ಎದುರು ನಿಂತವರು ನೋಡಿ ಹೇಳಬೇಕು.

ಅಡ್ಡಪ್ರಾಧಾನ್ಯದವರ ಪರವಾಗಿ ಹೇಳಬಹುದಾದ ಅತಿ ದೊಡ್ಡ ಸಾಕ್ಷ್ಯ ಆಟದ ಇತಿಹಾಸದಲ್ಲೇ ಇದೆ. 1927ರಲ್ಲಿ ಆರಂಭವಾದ ವಿಶ್ವ ಚಾಂಪಿಯನ್‌ಷಿಪ್‌ಅನ್ನು 1946ರವರೆಗೆ ನಡೆದ ಎಲ್ಲ 15 ಸಲವೂ ಗೆದ್ದ ಇಂಗ್ಲೆಂಡಿನ ಜೋ ಡೇವಿಸ್ ಬಲಗೈ ಆಟಗಾರರಾಗಿದ್ದರು. ಬಲಗಣ್ಣಿನ ದೃಷ್ಟಿ ಮಂದವಾಗಿದ್ದುದರಿಂದ ಅವರು ಎಡಗಣ್ಣಿನಿಂದಲೇ ಗುರಿ ಹಿಡಿಯುತ್ತಿದ್ದರು, ಕ್ಯೂ ಗದ್ದದ ಎಡಮಗ್ಗುಲಿನಲ್ಲಿ ಹಾಯುತ್ತಿತ್ತು. ಕ್ಯೂ ಗದ್ದದ ನಡುವೆಯೇ ಇರಬೇಕೆಂದು ಪಟ್ಟು ಹಿಡಿಯುವ ಶಿಕ್ಷಕರು ಈ ಒಂದು ಉದಾಹರಣೆಯನ್ನು ಮರೆಯಬಾರದು.

ಕನ್ನಡಕದ ಕಥೆಯೂ ಇಲ್ಲಿಗೆ ಸೇರಿದ್ದು. ಬಾಗಿ ನಿಂತ ಆಟಗಾರ ಹುಬ್ಬಿನ ಕಡೆಯಿಂದ ಮೇಲಕ್ಕೆ ನೋಡುವುದರಿಂದ ಸಾಮಾನ್ಯ ಕನ್ನಡಕದ ಮೇಲಂಚು ಸರಿಯಾಗಿ ನೋಟಕ್ಕೆ ಅಡ್ಡ ಬರುತ್ತದೆ. ಜೋ ಅವರ ತಮ್ಮ ಫ್ರೆಡ್ ಡೇವಿಸ್ ಇದಕ್ಕಾಗಿ ಮಸೂರಗಳು ವಾಲುವಂತೆ ಕೀಲು ಜೋಡಿಸಿದ ಕನ್ನಡಕ ಬಳಸಿದರು. ಉತ್ತರ ಐರ್ಲೆಂಡಿನ ಡೆನಿಸ್ ಟೇಲರ್ ಧರಿಸುತ್ತಿದ್ದ, ತಲೆಕೆಳಗಾದಂತೆ ಕಾಣುವ ಎತ್ತರದ ಕನ್ನಡಕವನ್ನು ರೂಪಿಸಿದವರು ಜ್ಯಾಕ್ ಕಾರ್ನೆಮ್. ಅದನ್ನು ತೊಟ್ಟೇ ಟೇಲರ್ 1985ರ ವಿಶ್ವ ಫೈನಲ್‌ನಲ್ಲಿ ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡಿನಲ್ಲಿ ಸ್ಟೀವ್ ಡೇವಿಸ್ ಅವರನ್ನು 18-17ರಿಂದ ಸೋಲಿಸಿದರು.

ಕೈಯ ವಿಷಯದಲ್ಲಿ ಮೇಜು ಪಕ್ಷಪಾತವಿಲ್ಲದ್ದು. ಮಾರ್ಕ್ ವಿಲಿಯಮ್ಸ್ 2000ದಲ್ಲಿ, ನೀಲ್ ರಾಬರ್ಟ್‌ಸನ್ 2010ರಲ್ಲಿ, ಜಡ್ ಟ್ರಂಪ್ 2019ರಲ್ಲಿ ಎಡಗೈಯಿಂದಲೇ ಆಡಿ ವಿಶ್ವ ಕಿರೀಟ ಗೆದ್ದರು. ಬಲಗೈ ಆಟಗಾರನಿಗೆ ಕೈಗೆಟುಕದ ಹೊಡೆತಕ್ಕೆ ರೆಸ್ಟ್ ಎಂಬ ಊರೆಗೋಲನ್ನು ಬಳಸಬೇಕಾಗುತ್ತದೆ. ಆಗ ಕ್ಯೂ ಗದ್ದದ ಕೆಳಗಿರದೆ ಮುಖದ ಎದುರಿಗೆ ಬಂದು, ರೂಢಿಯಾದ ನೋಟವೇ ಬದಲಾಗುತ್ತದೆ. ಅರ್ಜುನನಂತೆ ಸವ್ಯಸಾಚಿಯಾದವನು ಈ ತೊಂದರೆಯಿಂದ ಪಾರಾಗುತ್ತಾನೆ. 1996ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಾನಿ ಓಸಲಿವನ್ ಎಡಗೈಯಿಂದ ಆಡಿದಾಗ ಎದುರಾಳಿ ಅಲೇನ್ ರೋಬಿಡೂ ಅದನ್ನು ಅವಮಾನವೆಂದು ಭಾವಿಸಿ ಆಕ್ಷೇಪಿಸಿದ್ದರು; ಇಂದು ಅದೇ ಆಟ ಮೆಚ್ಚುಗೆಗೆ ಪಾತ್ರವಾಗಿದೆ. ಇಲ್ಲೊಂದು ಸೂಕ್ಷ್ಮವಿದೆ: ಕೈ ಬದಲಾದರೂ ಪ್ರಧಾನ ಕಣ್ಣು ಹೆಚ್ಚಾಗಿ ಬದಲಾಗುವುದಿಲ್ಲ. ಹೀಗಾಗಿ ಎರಡು ಕೈಯಿಂದ ಆಡುವವನು ಒಂದು ಕೈಯಲ್ಲಿ ಒಮ್ಮಗ್ಗುಲಿನ ಆಟಗಾರ, ಇನ್ನೊಂದರಲ್ಲಿ ಅಡ್ಡಪ್ರಾಧಾನ್ಯದವನು, ಎರಡು ನಿಲುವುಗಳನ್ನು ಅವನು ಬೇರೆ ಬೇರೆಯಾಗಿಯೇ ಕಲಿಯಬೇಕು.

ಹೊಸಬರಿಗೆ ಕಲಿಸುವವರು ಕಣ್ಣಿಗೆ ಹೊಂದುವಂತೆ ಕೈಯನ್ನು ಬದಲಿಸಲು ಹೊರಡುವುದು ತಪ್ಪು. ವರ್ಷಗಟ್ಟಲೆ ಪಳಗಿದ ತೋಳಿನ ಚಲನೆಯನ್ನು ಅಳಿಸಿ ಬರೆಯುವುದಕ್ಕಿಂತ ತಲೆಯನ್ನು ಎರಡು ಮೂರು ಸೆಂಟಿಮೀಟರ್ ಸರಿಸಿ, ಪಾದಗಳ ನಿಲುವನ್ನು ಅದಕ್ಕೆ ತಕ್ಕಂತೆ ತಿದ್ದುವುದು ಎಷ್ಟೋ ಸುಲಭ. ಸರಿಸಿದ ಜಾಗ ಪ್ರತಿ ಹೊಡೆತದಲ್ಲೂ ಅದೇ ಆಗಿರಬೇಕು ಎಂಬುದಷ್ಟೇ ಮುಖ್ಯ. ಕ್ರೀಡಾವಿಜ್ಞಾನಿ ಜೋನ್ ವಿಕರ್ಸ್ ಹೊಡೆತಕ್ಕೆ ಮುನ್ನ ಗುರಿಯ ಮೇಲೆ ನೆಲೆನಿಲ್ಲುವ ಕೊನೆಯ ನೋಟವನ್ನು 'ಶಾಂತ ಕಣ್ಣು' ಎಂಬರ್ಥದ ಹೆಸರಿನಿಂದ ಗುರುತಿಸಿದ್ದಾರೆ. 2002ರಲ್ಲಿ ಪ್ರಕಟವಾದ ಬಿಲಿಯರ್ಡ್ಸ್ ಅಧ್ಯಯನವೊಂದು ಕುಶಲ ಆಟಗಾರರಲ್ಲಿ ಈ ನೋಟ ಹೆಚ್ಚು ಹೊತ್ತು ನಿಲ್ಲುತ್ತದೆಂದು ಕಂಡುಕೊಂಡಿತು.

ಕ್ಯೂ ಕನಿಷ್ಠ 914 ಮಿಲಿಮೀಟರ್ ಉದ್ದವಿರಬೇಕು, ಹೊಡೆಯುವಾಗ ಒಂದು ಪಾದವಾದರೂ ನೆಲಕ್ಕೆ ತಾಗಿರಬೇಕು ಎಂದು ವಿಧಿಸುವ ಸ್ನೂಕರ್ ನಿಯಮಗಳು, ಯಾವ ಕೈಯಿಂದ ಹೊಡೆಯಬೇಕು, ಯಾವ ಕಣ್ಣಿನ ಕೆಳಗೆ ಕ್ಯೂ ಹಾಯಬೇಕು ಎಂಬುದನ್ನು ಆಟಗಾರನಿಗೇ ಬಿಟ್ಟಿವೆ.