ಫಕ್ಕರೋಗ: ಶಬ್ದಮೂಲ, ಲಕ್ಷಣ ಮತ್ತು ಬಳ್ಳಿಗಾವೆಯ ಸಾಕ್ಷ್ಯ

ಎಳೆಯ ಮಕ್ಕಳ ಅಸ್ಥಿಗಳು ಮೆತ್ತಗಾಗಿ ಬಾಗುವ ರಿಕೆಟ್ಸ್ ಎಂಬ ವ್ಯಾಧಿಗೆ ಆಯುರ್ವೇದದ ‘ಫಕ್ಕರೋಗ’ವನ್ನು ಪರ್ಯಾಯವಾಗಿ ಹೇಳುವ ರೂಢಿಯುಂಟು. ಈ ಸಮೀಕರಣವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ನಿಷ್ಕರ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪಾಣಿನೀಯ ಧಾತುಪಾಠವು ‘ಫಕ್ಕ್’ ಧಾತುವಿಗೆ ತಗ್ಗಿ ಚಲಿಸುವುದೆಂಬ ಅರ್ಥವನ್ನು ವಿಧಿಸುತ್ತದೆ. ವ್ಯಾಖ್ಯಾನಕಾರರು ಅದನ್ನು ಮಂದಗಮನವೆಂದು ವಿವರಿಸಿದ್ದಾರೆ. ನೇಪಾಳದಲ್ಲಿ ದೊರೆತ ಹಸ್ತಪ್ರತಿಯನ್ನಾಧರಿಸಿ, ರಾಜಗುರು ಹೇಮರಾಜಶರ್ಮರ ವಿಸ್ತೃತ ಉಪೋದ್ಘಾತದೊಡನೆ 1938ರಲ್ಲಿ ಮುಂಬಯಿಯಲ್ಲಿ ಅಚ್ಚಾದ ಕಾಶ್ಯಪಸಂಹಿತೆಯು, ವರ್ಷ ತುಂಬಿದರೂ ಕಾಲೂರಿ ನಡೆಯದ ಶಿಶುವನ್ನು ‘ಫಕ್ಕ’ವೆಂದು ಕರೆದು, ಕಾರಣಭೇದದಿಂದ ಮೂರು ಬಗೆಗಳನ್ನು ಎಣಿಸುತ್ತದೆ: ಕಫದುಷ್ಟವಾದ ಸ್ತನ್ಯದಿಂದ ಕ್ಷೀರಜ, ಮೊಲೆಯುಣ್ಣುವ ಕೂಸಿರುವಾಗಲೇ ತಾಯಿ ಮತ್ತೆ ಬಸುರಾಗಿ ಹಾಲು ಬತ್ತುವುದರಿಂದ ಗರ್ಭಜ, ಜ್ವರಾದಿಗಳ ಪೀಡೆಯಿಂದ ವ್ಯಾಧಿಜ. ಈ ಕೊನೆಯದರಲ್ಲಿ ತೋಳುತೊಡೆಗಳು ಸೊರಗಿ, ಹೊಟ್ಟೆಯೂ ತಲೆಯೂ ದೊಡ್ಡದಾಗಿ ತೋರಿ, ಮಗುವು ಕೈಮೊಣಕಾಲುಗಳನ್ನೂರಿ ತೆವಳುವುದೆಂದಿರುವ ವರ್ಣನೆಯಲ್ಲಿ ಅಸ್ಥಿವಿಕಾರಕ್ಕಿಂತ ಪೋಷಣೆಯ ಅಭಾವವೇ ಎದ್ದು ಕಾಣುತ್ತದೆ.

ಚಿಕಿತ್ಸಾಕ್ರಮವೂ ಇದಕ್ಕೆ ಅನುಗುಣವಾದುದೇ. ಔಷಧಘೃತ, ವಿರೇಚನ, ಹಾಲು, ಮಾಂಸರಸ, ತೈಲಾಭ್ಯಂಗಗಳನ್ನು ಹೇಳಿದ ಮೇಲೆ, ಶಿಲ್ಪಿಯಿಂದ ಮಾಡಿಸಿದ ಮೂರು ಗಾಲಿಗಳ ‘ಫಕ್ಕರಥ’ವನ್ನು ಹಿಡಿಸಿ ಮೆಲ್ಲಮೆಲ್ಲನೆ ನಡಿಗೆಯನ್ನು ಅಭ್ಯಾಸಮಾಡಿಸಬೇಕೆಂದು ಸಂಹಿತೆಯು ವಿಧಿಸುತ್ತದೆ, ನಮ್ಮ ಮನೆಗಳ ಮರದ ತಳ್ಳುಬಂಡಿಯ ಸ್ವರೂಪವೂ ಅದೇ.

ಐರೋಪ್ಯ ವೈದ್ಯರ ದೃಷ್ಟಿ ಬೇರೆ. 1650ರಲ್ಲಿ ಗ್ಲಿಸನ್ ರಿಕೆಟ್ಸ್ ವ್ಯಾಧಿಯ ಮೇಲೆ ಗ್ರಂಥ ಬರೆದಾಗ, ಬೆನ್ನೆಲುಬನ್ನು ಸೂಚಿಸುವ ಗ್ರೀಕ್ ಶಬ್ದದಿಂದ ‘ರೇಕಿಟಿಸ್’ ಎಂಬ ನಾಮಧೇಯವನ್ನು ರೂಪಿಸಿದನು. 1919ರಲ್ಲಿ ಮೆಲನ್ಬಿಯು ನಾಯಿಮರಿಗಳ ಮೇಲೆ ನಡೆಸಿದ ಪ್ರಯೋಗಗಳೂ, ಅದೇ ವರ್ಷ ಹುಲ್ಡ್‌ಶಿನ್ಸ್ಕಿಯು ನೇರಳಾತೀತ ಕಿರಣಗಳಿಂದ ಮಾಡಿದ ಚಿಕಿತ್ಸೆಯೂ, ‘ಡಿ’ ಜೀವಸತ್ತ್ವದ ನಿರ್ಣಯಕ್ಕೆ ದಾರಿಮಾಡಿದುವು. ವ್ಯಾಧಿಗೆ ಹೆಸರಿಡುವ ಬಗೆಗೆ ಇನ್ನೊಂದು ನಿದರ್ಶನವುಂಟು: ಸೊರಬ ತಾಲ್ಲೂಕಿನಲ್ಲಿ 1957ರಲ್ಲಿ ಕಾಡಿನ ಮಂಗಗಳು ಸತ್ತು ಜನರಿಗೆ ಜ್ವರ ಹರಡಿದಾಗ, ವಿಜ್ಞಾನಿಗಳು ಕ್ಯಾಸನೂರಿನ ಕಾಡನ್ನೇ ಹೆಸರಾಗಿಸಿದರು. ಜನರು ಮಂಗನ ಕಾಯಿಲೆಯೆಂದರು. ಅಂಗ, ಸ್ಥಳ, ಪ್ರಾಣಿ ಇವುಗಳಲ್ಲಿ ಯಾವುದನ್ನೂ ಆಶ್ರಯಿಸದೆ, ತಾಯ್ತಂದೆಯರ ಕಣ್ಣಿಗೆ ಮೊದಲು ಬೀಳುವ ನಡಿಗೆಯ ಕುಂದನ್ನೇ ‘ಫಕ್ಕ’ವು ಹೇಳುತ್ತದೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಯತಿಗಳ ಕೋಡಿಯಮಠವನ್ನು ವರ್ಣಿಸುವ, ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವು ರಿಕೆಟ್ಸ್‌ನ ಪ್ರಾಚೀನ ಸಾಕ್ಷ್ಯದ ಪ್ರಶ್ನೆಯಲ್ಲಿ ವಿಚಾರಾರ್ಹವಾಗಿದೆ. ಪಾಣಿನೀಯಾದಿ ವ್ಯಾಕರಣಗಳ ಪಾಠ ನಡೆಯುತ್ತಿದ್ದ ಆ ಮಠದಲ್ಲಿಯೇ ಕುಂಟರು, ಕುರುಡರು, ಕಿವುಡರಿಗೆ ಅನ್ನವೂ, ಅನಾಥರೋಗಿಗಳಿಗೆ ಔಷಧೋಪಚಾರವೂ ದೊರೆಯುತ್ತಿದ್ದುವೆಂದು ಅದರಿಂದ ತಿಳಿಯುತ್ತದೆ. ಶಾಸನವು ಕುಂಟುತನದ ಕಾರಣಗಳನ್ನು ವಿಂಗಡಿಸುವುದಿಲ್ಲವಾದುದರಿಂದ, ಅದನ್ನು ರಿಕೆಟ್ಸ್‌ನ ಪ್ರಾಚೀನ ದಾಖಲೆಯೆಂದು ಓದುವುದು ಅವಿಚಾರವಾದೀತು.

ಆದಕಾರಣ ಫಕ್ಕವೆಂಬುದು ಒಂದು ವ್ಯಾಧಿಯ ಹೆಸರಲ್ಲ, ಹಲವು ವ್ಯಾಧಿಗಳ ಸಮಾನಫಲದ ಹೆಸರು. ರಿಕೆಟ್ಸ್ ಅದರೊಳಗೆ ಅಡಕವಾಗಬಹುದಾದ ಒಂದು ಕಾರಣವೇ ಹೊರತು ಅದರ ಪರ್ಯಾಯವಲ್ಲ.